ಊರಿನ ನೆರೆ, ಬರೆ ಕುಸಿತದ ಪುಸ್ತಕ ಮಾಡುವ ಕ್ರಮ

ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಬರುತ್ತದೆ, ಬರೆ (ಗುಡ್ಡದ ಕಡಿದಾದ ಮಣ್ಣಿನ ಮೈ) ಜಾರುವುದು ಯಾವುದೋ ಒಂದು ಸರ್ವೆ ನಂಬರಿನಲ್ಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಲೆಕ್ಕ ಕೊಡುತ್ತವೆ. ಆದರೆ ಇವತ್ತು ರಾತ್ರಿ ಯಾವ ಯಾವ ಮನೆಯವರು ಬೇರೆ ಕಡೆ ಮಲಗಬೇಕು ಎಂದು ಹೇಳುವ ಕಾಗದ ಸಾಮಾನ್ಯವಾಗಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಅದನ್ನು ಊರಿನವರೇ ಮಾಡಿಕೊಳ್ಳಬೇಕು. ಕೊಡಗು, ಸುಳ್ಯ, ಉತ್ತರ ಕನ್ನಡದ ಕಡೆಯ ನೂರಿನ್ನೂರು ಮನೆಗಳ ಗುಡ್ಡದ ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಆ ಕೆಲಸದ ಕ್ರಮವನ್ನು ಇಲ್ಲಿ ಬರೆದಿದೆ.

ಕೊನೆಗೆ ಕೈಯಲ್ಲಿ ಮೂರು ವಸ್ತು ಇರಬೇಕು: ಹಿಂದೆ ಆದದ್ದನ್ನೆಲ್ಲ ಬರೆದ ಒಂದು ಪುಸ್ತಕ, ಊರಿನ ಒಂದು ನಕ್ಷೆ, ಮಳೆ ಜೋರಾದಾಗ ಯಾರು ಏನು ಮಾಡಬೇಕೆಂದು ಹೇಳುವ ಒಂದೇ ಒಂದು ಹಾಳೆ. ಹಲವು ಕಡೆ ಪುಸ್ತಕ ಚೆನ್ನಾಗಿ ಬರುತ್ತದೆ, ಹಾಳೆಯ ತನಕ ಕೆಲಸ ಸಾಗುವುದೇ ಇಲ್ಲ. ಹಾಳೆ ಇಲ್ಲದಿದ್ದರೆ ಪುಸ್ತಕದಿಂದ ಆಗುವ ಉಪಯೋಗ ಊರ ಚರಿತ್ರೆ ಓದುವಷ್ಟೇ.

ಜನವರಿಯಿಂದ ಮಾರ್ಚ್ ಈ ಕೆಲಸಕ್ಕೆ ಒಳ್ಳೆಯ ಕಾಲ. ಕಾಡು ಒಣಗಿ ನೆಲ ಕಾಣುತ್ತದೆ, ಜಿಗಣೆ ಕಾಟವಿಲ್ಲ, ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಐದಾರು ಜನ ಸಾಕು. ಅವರಲ್ಲಿ ಇಬ್ಬರಾದರೂ ಹೆಂಗಸರು, ಒಬ್ಬರಾದರೂ ತೋಟದ ಲೈನ್ ಮನೆಯವರು (ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ಇರುವವರು) ಇರಲಿ. ನೀರು ಅಡುಗೆಮನೆಯ ಯಾವ ಮೆಟ್ಟಿಲಿಗೆ ಬಂದಿತ್ತು, ಬಾವಿ ಎಷ್ಟು ದಿನ ಕೆಂಪಾಗಿತ್ತು ಎಂಬುದು ಮನೆಯ ಗಂಡಸರಿಗಿಂತ ಅಲ್ಲಿನ ಹೆಂಗಸರಿಗೆ ಚೆನ್ನಾಗಿ ನೆನಪಿರುತ್ತದೆ. ಲೈನ್ ಮನೆಗಳು ಎಷ್ಟೋ ತೋಟಗಳಲ್ಲಿ ಬರೆಯ ಬುಡದಲ್ಲೋ ತೋಡಿನ (ಸಣ್ಣ ಹಳ್ಳದ) ಅಂಚಿನಲ್ಲೋ ಇರುತ್ತವೆ, ಅಲ್ಲಿರುವವರು ಊರಿಗೆ ಹೊಸಬರು. ಅತಿ ಹೆಚ್ಚು ಅಪಾಯದ ಜಾಗದಲ್ಲಿರುವವರಿಗೇ ಆ ಜಾಗದ ಹಿಂದಿನ ಸುದ್ದಿ ಅತಿ ಕಡಿಮೆ ಗೊತ್ತಿರುತ್ತದೆ.

ನೆನಪಿಗೆ ತಾರೀಕು ಹಾಕುವುದು

ಹಿರಿಯರ ಹತ್ತಿರ ಹೋಗಿ "ಯಾವ ವರ್ಷ ಆಗಿದ್ದು?" ಎಂದು ಕೇಳಿದರೆ ಸಿಗುವ ಉತ್ತರ ಐದು ವರ್ಷ ಆಚೀಚೆ ಆಗಿರುತ್ತದೆ. ಅದರ ಬದಲು ಎರಡು ಪ್ರಶ್ನೆ ಕೇಳಿ: ಯಾವ ಮಳೆಯಲ್ಲಿ? ಆಗ ಮನೆಯಲ್ಲಿ ಏನು ನಡೆದಿತ್ತು? ಮೊದಲ ಪ್ರಶ್ನೆ ತಿಂಗಳನ್ನು ಕೊಡುತ್ತದೆ, ಎರಡನೆಯದು ವರ್ಷವನ್ನು. ದೊಡ್ಡ ಮಗ ತೊಟ್ಟಿಲಲ್ಲಿದ್ದ, ಊರಿಗೆ ಕರೆಂಟು ಬಂದು ಒಂದು ವರ್ಷ ಆಗಿತ್ತು, ಸೇತುವೆ ಕಟ್ಟುತ್ತಿದ್ದರು, ಇಂದಿರಾ ಗಾಂಧಿ ಸತ್ತ ವರ್ಷದ ಹಿಂದಿನ ಮಳೆಗಾಲ ಇತ್ಯಾದಿ. ಶಾಲೆಯ ದಾಖಲಾತಿ ಪುಸ್ತಕ, ಸೇತುವೆಯ ಮೇಲೆ ಕೆತ್ತಿದ ಇಸವಿ, ರೇಷನ್ ಕಾರ್ಡು ನೋಡಿದರೆ ಇವಕ್ಕೆಲ್ಲ ಇಸವಿ ಸಿಗುತ್ತದೆ.

ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದಾದ್ದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಕಿಗೆ ಬರುತ್ತದೆ. ಒಂದೆರಡು ದಿನ ಆಚೀಚೆ ಬಿಟ್ಟು ಹೀಗೆ ಹಿಡಿಯಿರಿ:

ಆರಿದ್ರಾ: ಜೂನ್ 21ರಿಂದ ಜುಲೈ 5
ಪುನರ್ವಸು: ಜುಲೈ 6ರಿಂದ 19
ಪುಷ್ಯ: ಜುಲೈ 20ರಿಂದ ಆಗಸ್ಟ್ 2
ಆಶ್ಲೇಷ: ಆಗಸ್ಟ್ 3ರಿಂದ 16
ಮಖಾ: ಆಗಸ್ಟ್ 17ರಿಂದ 30
ಹುಬ್ಬಾ: ಆಗಸ್ಟ್ 31ರಿಂದ ಸೆಪ್ಟೆಂಬರ್ 12
ಉತ್ತರಾ: ಸೆಪ್ಟೆಂಬರ್ 13ರಿಂದ 26
ಹಸ್ತ: ಸೆಪ್ಟೆಂಬರ್ 27ರಿಂದ ಅಕ್ಟೋಬರ್ 10

ಕೊಡಗಿನಲ್ಲಿ ಕಕ್ಕಡ, ಕರಾವಳಿಯಲ್ಲಿ ಆಟಿ ತಿಂಗಳೂ ಇದೇ ರೀತಿ ನಿಂತ ಗುರುತುಗಳು: ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ. ಕಕ್ಕಡ 18 ಎಂದರೆ ಆಗಸ್ಟ್ 3. ಗಣೇಶ ಹಬ್ಬ, ನಾಗರಪಂಚಮಿ ಹಾಗಲ್ಲ, ಅವು ಚಂದ್ರನ ಲೆಕ್ಕದವು. "ಚೌತಿಯ ಮಾರನೇ ದಿನ ಹೊಳೆ ಬಂತು" ಎಂದರೆ ಆ ಇಸವಿಯ ಪಂಚಾಂಗ ನೋಡದೆ ತಾರೀಕು ಬರೆಯಬೇಡಿ.

ಈ ಲೆಕ್ಕ ಎಷ್ಟು ನಿಲ್ಲುತ್ತದೆ ಎಂದು ನೋಡಲು ಗೊತ್ತಿರುವ ಘಟನೆಗಳನ್ನೇ ಇಟ್ಟು ನೋಡಿ. 2024ರ ಜುಲೈ 16ರ ಶಿರೂರು ಗುಡ್ಡ ಕುಸಿತ ಪುನರ್ವಸುವಿನಲ್ಲಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆ ಕುಸಿದದ್ದು ಪುಷ್ಯದಲ್ಲಿ. 2019ರ ಕೋರಂಗಾಲ, 2020ರ ಆಗಸ್ಟ್ 6ರ ತಲಕಾವೇರಿ ಬ್ರಹ್ಮಗಿರಿ, ಎರಡೂ ಆಶ್ಲೇಷ. 2018ರಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ ಸುತ್ತ ಗುಡ್ಡಗಳು ಇಳಿದದ್ದು ಆಶ್ಲೇಷ ಮುಗಿದು ಮಖಾ ಹುಟ್ಟುವ ಹೊತ್ತಿನಲ್ಲಿ. ಆಟಿ ಕಳೆಯಿತು, ಇನ್ನು ಹೆದರಿಕೆ ಇಲ್ಲ ಎನ್ನುವವರು ಕಾರವಾರದ ಹತ್ತಿರದ ಕಡವಾಡವನ್ನು ನೆನೆಯಬೇಕು. ಅಲ್ಲಿ ಗುಡ್ಡ ಕುಸಿದದ್ದು 2009ರ ಅಕ್ಟೋಬರ್ ಮೊದಲ ವಾರ, ಹಸ್ತ ಮಳೆಯಲ್ಲಿ. ಅದೇ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ದೊಡ್ಡ ನೆರೆ ಬಂದಿತ್ತು.

ಬಹಳ ಹಳೆಯದಾದರೆ ಇನ್ನೊಂದು ತೊಡಕು ಬರುತ್ತದೆ. ನೇತ್ರಾವತಿ ದಂಡೆಯಲ್ಲಿ 1923ರ ಆಗಸ್ಟಿನ ಮಾರಿಬೊಳ್ಳ (ತುಳುವಿನಲ್ಲಿ ಮಹಾ ನೆರೆ), 1974ರ ಜುಲೈ ನೆರೆ ಎರಡೂ ಮಾತಿನಲ್ಲಿ ಬೆರೆತುಹೋಗಿವೆ. ಕಾವೇರಿ ಕಡೆ ದೊಡ್ಡ ನೆರೆ ಎಂದರೆ 1924ರ ಜುಲೈಯದು. 1923ನ್ನು ಕಣ್ಣಾರೆ ಕಂಡವರು ಈಗ ಇಲ್ಲ, ಅಜ್ಜಿ ಹೇಳಿದ್ದನ್ನು ಮೊಮ್ಮಗ ತಾನು ಕಂಡಂತೆ ಹೇಳುತ್ತಾನೆ. ಆದ್ದರಿಂದ ಪ್ರತಿ ಮಾತಿನ ಮುಂದೆ ಒಂದು ಅಕ್ಷರ ಹಾಕಿ. ಕಣ್ಣಾರೆ ಕಂಡದ್ದಕ್ಕೆ 'ಕ', ಹಿರಿಯರಿಂದ ಕೇಳಿದ್ದಕ್ಕೆ 'ಹ', ಕಾಗದದಲ್ಲಿ ಸಿಕ್ಕಿದ್ದಕ್ಕೆ 'ದ'. ಎರಡು ಬೇರೆ ಮನೆಯವರು ಬೇರೆ ಬೇರೆಯಾಗಿ ಹೇಳಿದ್ದಾದರೆ ಅದರ ಮುಂದೆ ಇನ್ನೊಂದು ಗೆರೆ ಎಳೆಯಿರಿ. ಎಲ್ಲರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಕೇಳಬೇಡಿ. ದೊಡ್ಡ ಗಂಟಲಿನವರು ಹೇಳಿದ್ದೇ ಎಲ್ಲರ ನೆನಪಾಗಿಬಿಡುತ್ತದೆ.

ಕಾಗದದಲ್ಲಿ ಏನೇನು ಸಿಗುತ್ತದೆ

ಕಾಫಿ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಧಿ ತೋಟಗಳ ಮಳೆ ಪುಸ್ತಕ. ದಿನದಿನದ ಲೆಕ್ಕ ಇಂಚು, ಸೆಂಟಿನಲ್ಲಿ ದಶಕಗಟ್ಟಲೆ ಬರೆದಿಟ್ಟ ತೋಟಗಳಿವೆ. ನೂರು ಸೆಂಟು ಒಂದು ಇಂಚು, ಒಂದು ಇಂಚು 25.4 ಮಿಲಿಮೀಟರ್. ಕುಸಿತ ಆದ ದಿನದ ಹಿಂದಿನ ಹದಿನೈದು ದಿನದ ಲೆಕ್ಕವನ್ನು ಪೂರ್ತಿ ನಕಲು ಮಾಡಿಕೊಳ್ಳಿ, ಆ ದಿನದ್ದೊಂದನ್ನೇ ಅಲ್ಲ. ಒಂದು ಎಚ್ಚರಿಕೆ: ಹೆಚ್ಚಿನ ತೋಟಗಳಲ್ಲಿ ಬೆಳಿಗ್ಗೆ ಅಳೆದು ಅದೇ ದಿನದ ತಾರೀಕಿಗೆ ಬರೆಯುತ್ತಾರೆ, ಕೆಲವರು ಹಿಂದಿನ ದಿನಕ್ಕೆ ಬರೆಯುತ್ತಾರೆ. ಯಾವ ರೂಢಿ ಎಂದು ಕೇಳಿ ಬರೆದುಕೊಳ್ಳದಿದ್ದರೆ ರಾತ್ರಿ ಆದ ಕುಸಿತದ ಮಳೆ ತಪ್ಪು ದಿನಕ್ಕೆ ಸೇರುತ್ತದೆ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30.

ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಮನೆ ಹಾನಿ, ಬೆಳೆ ಹಾನಿಯ ಮಹಜರು ಇರುತ್ತದೆ. ಎಲ್ಲಿ, ಎಷ್ಟು, ಯಾವ ತಾರೀಕು, ಎಲ್ಲ ಅದರಲ್ಲೇ ಇದೆ. ಕೇಳಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ವಿಪತ್ತಿನ ಮಾಹಿತಿ ಕೊಡಿ" ಎಂದು ಬರೆದರೆ "ಲಭ್ಯವಿಲ್ಲ" ಎಂದು ಬರುತ್ತದೆ. "2009ರಿಂದ 2024ರವರೆಗೆ ಇಂಥ ಗ್ರಾಮದಲ್ಲಿ ಮಳೆಯಿಂದ ಹಾನಿಯಾದ ಮನೆಗಳ ಪಟ್ಟಿ, ಸರ್ವೆ ನಂಬರು ಮತ್ತು ಪರಿಹಾರ ಪಾವತಿ ದಿನಾಂಕ ಸಮೇತ" ಎಂದು ಬರೆದರೆ ಕೈಗೆ ಕಾಗದ ಬರುತ್ತದೆ. ಆದರೆ ಪರಿಹಾರದ ಪಟ್ಟಿಯಲ್ಲಿ ಇರುವುದು ಅರ್ಜಿ ಹಾಕಿದವರು ಮಾತ್ರ. ಹಕ್ಕುಪತ್ರ ಇಲ್ಲದ ಮನೆ, ಕಾಡಂಚಿನ ಆದಿವಾಸಿಗಳ ಹಾಡಿ, ಕೂಲಿಯವರ ಶೆಡ್ಡು ಅದರೊಳಗೆ ಬರದೇ ಹೋಗಬಹುದು.

ಇನ್ನುಳಿದದ್ದು ಬೇಗ ಮುಗಿಯುತ್ತದೆ: ಶಾಲೆಯ ಹಾಜರಿ ಪುಸ್ತಕದಲ್ಲಿ ಮಳೆ ರಜೆ, ಸಹಕಾರ ಸಂಘದ ಸಾಲ ಮುಂದೂಡಿದ ನಡಾವಳಿ, ದೇವಸ್ಥಾನದ ಖರ್ಚಿನ ಪುಸ್ತಕದಲ್ಲಿ "ಪ್ರಾಕಾರ ಗೋಡೆ ದುರಸ್ತಿ", ಜಿಲ್ಲಾ ಪತ್ರಿಕೆಗಳ ಹಳೆಯ ಸಂಚಿಕೆ.

ಒಂದೊಂದು ಘಟನೆಗೆ ಒಂದೊಂದು ಪುಟ ಬಿಡಿ. ಮಾದರಿಗೆ ಒಂದು ಪುಟದ ಒಳಗೆ ಇರಬೇಕಾದದ್ದು ಇಷ್ಟು:

ತಾರೀಕು ಮತ್ತು ಹೊತ್ತು (ಹಗಲೋ ರಾತ್ರಿಯೋ ಆದರೂ ಸಾಕು). ಜಾಗ: ಸರ್ವೆ ನಂಬರು, ಫೋನಿನಿಂದ ತೆಗೆದ ಅಕ್ಷಾಂಶ-ರೇಖಾಂಶ. ನೆರೆಯೋ, ಬರೆ ಕುಸಿತವೋ, ತೋಡು ಒಡೆದು ಕಲ್ಲುಮಣ್ಣು ಬಂದದ್ದೋ. ನೀರಿನ ಎತ್ತರ ಅಥವಾ ಮಣ್ಣು ಹರಿದ ಉದ್ದ, ಅಗಲ. ಹಿಂದಿನ 1, 3 ಮತ್ತು 15 ದಿನದ ಮಳೆ. ಮುಂಚೆ ಏನಾದರೂ ಸೂಚನೆ ಕಂಡಿತ್ತೇ. ಆಗ ಆ ಜಾಗದಲ್ಲಿ ಏನಿತ್ತು, ಈಗ ಏನಿದೆ.

ಕೊನೆಯ ಸಾಲನ್ನು ಬಿಡಬೇಡಿ. 1974ರಲ್ಲಿ ನೀರು ನಿಂತ ಗದ್ದೆಯಲ್ಲಿ ಈಗ ಹತ್ತು ಮನೆ ಇದ್ದರೆ ಆ ಪುಟದ ತೂಕವೇ ಬೇರೆ.

ನೀರಿನ ಎತ್ತರವನ್ನು ಪೈಪಿನಿಂದ ಅಳೆಯುವುದು

"ಎದೆಮಟ್ಟ ನೀರು" ಎಂಬುದು ಅಳತೆಯಲ್ಲ. ಯಾರ ಎದೆ, ಯಾವ ನೆಲದಲ್ಲಿ ನಿಂತು ಎಂದು ಕೇಳಿ, ಹೇಳಿದವರನ್ನು ಆ ಜಾಗಕ್ಕೇ ಕರೆದುಕೊಂಡು ಹೋಗಿ ಗೋಡೆಯ ಮೇಲೆ ಬೆರಳಿಡಿಸಿ. ಹಳೆಯ ಗೋಡೆಯಲ್ಲಿ ಎರಡು ಗೆರೆ ಕಾಣಬಹುದು, ಕೆಳಗೆ ಕೆಸರು ನಿಂತ ಗೆರೆ, ಮೇಲೆ ತೇವದ ಮಸುಕು. ಮಣ್ಣಿನ ಗೋಡೆ ನೀರನ್ನು ಹೀರಿ ಮೇಲೆಳೆಯುವುದರಿಂದ ತೇವದ ಗುರುತು ನಿಜವಾದ ನೀರಿಗಿಂತ ಎಷ್ಟೋ ಮೇಲಿರುತ್ತದೆ. ಕೆಸರಿನ ಗೆರೆಯನ್ನೇ ಹಿಡಿಯಿರಿ. ಮರದ ಕೊಂಬೆಗೆ ಸಿಕ್ಕಿದ ಕಸವನ್ನೂ ಪೂರ್ತಿ ನಂಬಬೇಡಿ. ಸೆಳವಿನಲ್ಲಿ ಕೊಂಬೆ ಬಾಗಿದಾಗ ಹಿಡಿದ ಕಸ, ನೀರು ಇಳಿದ ಮೇಲೆ ಕೊಂಬೆಯೊಡನೆ ಮೇಲಕ್ಕೆ ಏರಿರುತ್ತದೆ. ಮನೆಯ ಒಳಗಿನ ಗುರುತು ಹೊರಗಿನದಕ್ಕಿಂತ ಒಳ್ಳೆಯದು, ಒಳಗೆ ನೀರು ಅಲೆಯಿಲ್ಲದೆ ನಿಂತಿರುತ್ತದೆ.

ಎಲ್ಲ ಎತ್ತರಗಳನ್ನು ಒಂದೇ ಮೂಲಕ್ಕೆ ತರಲು ಗಾರೆಯವರ ಲೆವೆಲ್ ಪೈಪು ಸಾಕು. 8ರಿಂದ 10 ಮಿಲಿಮೀಟರ್ ಒಳಗಾತ್ರದ ಪಾರದರ್ಶಕ ಪೈಪು 20 ಮೀಟರ್, ಎರಡು ಅಳತೆ ಕೋಲು, ಇಬ್ಬರು ಜನ.

1. ಅಲುಗಾಡದ ಒಂದು ಜಾಗ ಆರಿಸಿ: ದೇವಸ್ಥಾನದ ಕಲ್ಲಿನ ಮೆಟ್ಟಿಲು, ಸೇತುವೆಯ ಕಟ್ಟೆ. ಅದಕ್ಕೆ ಬಣ್ಣ ಬಳಿದು 0 ಎಂದು ಬರೆಯಿರಿ. ಹೊಸದಾಗಿ ತುಂಬಿದ ಮಣ್ಣಿನ ಮೇಲಿನ ಕಟ್ಟಡ ಬೇಡ, ಅದು ಕೂರುತ್ತದೆ.

2. ಬಕೆಟಿನಿಂದ ನೀರು ಎಳೆದು ಪೈಪು ತುಂಬಿ. ಅರಿಶಿನ ಕದಡಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಪೈಪಿನ ಉದ್ದಕ್ಕೂ ಒಂದು ಗಾಳಿಗುಳ್ಳೆಯೂ ಇರಬಾರದು. ಒಂದೇ ಗುಳ್ಳೆ ಇದ್ದರೂ ಎರಡು ತುದಿಯ ಮಟ್ಟ ಬೇರೆಯಾಗುತ್ತದೆ. ಎರಡೂ ತುದಿಯನ್ನು ಪಕ್ಕಪಕ್ಕ ಹಿಡಿದು ಮಟ್ಟ ಒಂದೇ ಎಂದು ನೋಡಿಯೇ ಹೊರಡಿ.

3. ಒಬ್ಬರು 0 ಗುರುತಿನಲ್ಲಿ, ಇನ್ನೊಬ್ಬರು ಮುಂದಿನ ಜಾಗದಲ್ಲಿ ಕೋಲು ನಿಲ್ಲಿಸಿ, ನೀರಿನ ಅಲುಗಾಟ ನಿಂತ ಮೇಲೆ ಓದಿ. ಎರಡು ಓದಿನ ವ್ಯತ್ಯಾಸವೇ ಎರಡು ಜಾಗದ ಎತ್ತರದ ವ್ಯತ್ಯಾಸ. ಹಾಗೇ ಮುಂದಕ್ಕೆ ಸಾಗಿ.

4. ಪ್ರತಿ ಮನೆಯ ಹೊಸ್ತಿಲು, ಪ್ರತಿ ನೆರೆಯ ಗುರುತು ಅಳೆದ ಮೇಲೆ ಬೇರೆ ದಾರಿಯಲ್ಲಿ 0ಗೆ ವಾಪಸ್ ಬನ್ನಿ. ಲೆಕ್ಕ ಸೊನ್ನೆಗೆ ಬರಬೇಕು. ಎರಡು ಮೂರು ಸೆಂಟಿಮೀಟರ್ ತಪ್ಪು ನಡೆಯುತ್ತದೆ, ಹತ್ತು ಬಂದರೆ ಎಲ್ಲೋ ಕೂಡಿ ಕಳೆದದ್ದು ಉಲ್ಟಾ ಆಗಿದೆ.

ಲೆಕ್ಕದ ಫಲ ನೋಡಿ. ಹಳೆಯ ನೆರೆಯ ಗುರುತು 0ಗಿಂತ 2.40 ಮೀಟರ್ ಮೇಲೆ, ಒಂದು ಮನೆಯ ಹೊಸ್ತಿಲು 1.90 ಮೀಟರ್ ಮೇಲೆ ಎಂದರೆ ಆ ನೆರೆ ಮತ್ತೆ ಬಂದರೆ ಆ ಮನೆಯೊಳಗೆ 50 ಸೆಂಟಿಮೀಟರ್ ನೀರು. ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಮನೆಯ ಹೊಸ್ತಿಲು 1.20 ಇದ್ದರೆ ಅಲ್ಲಿ 1.20 ಮೀಟರ್ ನೀರು, ಮಕ್ಕಳು ಮುಳುಗುವಷ್ಟು. ಇಲ್ಲೊಂದು ಮಿತಿ ಇದೆ: ಹರಿಯುವ ಹೊಳೆಯ ಮೇಲ್ಮೈ ಸಮವಲ್ಲ, ಮೇಲ್ಗಡೆ ಎತ್ತರ, ಕೆಳಗಡೆ ತಗ್ಗು. ಒಂದೇ ಗುರುತನ್ನು ಇಡೀ ಊರಿಗೆ ಎಳೆಯಬಾರದು. ಇನ್ನೂರು ಮುನ್ನೂರು ಮೀಟರಿಗೆ ಒಂದಾದರೂ ಗುರುತು ಹುಡುಕಿ. ಸೇತುವೆಯ ಮೇಲ್ಗಡೆಗೂ ಕೆಳಗಡೆಗೂ ಬೇರೆ ಬೇರೆ ಗುರುತೇ ಬೇಕು. ಕಮಾನಿಗೆ ಮರದ ದಿಮ್ಮಿ ಸಿಕ್ಕಿಕೊಂಡರೆ ನೀರು ಮೇಲ್ಗಡೆ ಮಾತ್ರ ಉಬ್ಬುತ್ತದೆ.

ಗುಡ್ಡವನ್ನು ಓದುವುದು

ನಕ್ಷೆಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನೇ ತಳವಾಗಿ ಬಳಸಿ. ಗೋಡೆಯಳತೆಗೆ ದೊಡ್ಡದು ಮಾಡಿಸಿ. ಅದರಲ್ಲಿ ಹಳೆಯ ಹಳ್ಳ, ತೋಡುಗಳು ಗೆರೆಯಲ್ಲಿ ಇರುತ್ತವೆ, 'ಬಿ' ಖರಾಬಿನಲ್ಲೂ (ಸಾರ್ವಜನಿಕ ಬಳಕೆಗೆಂದು ಬಿಟ್ಟ, ಸಾಗುವಳಿಗಲ್ಲದ ಜಾಗ) ದಾಖಲಾಗಿರುತ್ತವೆ. ನೆಲದಲ್ಲಿ ಹುಡುಕಿದರೆ ಎಷ್ಟೋ ಕಡೆ ಆ ಜಾಗದಲ್ಲಿ ಈಗ ಅಂಗಳವೋ ರಸ್ತೆಯೋ ಇರುತ್ತದೆ. ಮುಚ್ಚಿಹೋದ ಪ್ರತಿ ತೋಡಿಗೂ ಕೆಂಪು ಗೆರೆ. ನಿಂತ ಜಾಗದ ಸರ್ವೆ ನಂಬರು ತಿಳಿಯಲು ದಿಶಾಂಕ್ ಆ್ಯಪ್ ಇದೆ. ಗುಡ್ಡದೊಳಗೆ ಅದು ಕೆಲವು ಮೀಟರ್ ತಪ್ಪಬಹುದು, ಗಡಿಕಲ್ಲು ಸಿಕ್ಕರೆ ಹೋಲಿಸಿ. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡಿದರೆ 2018ರ ನಂತರದ ಕೆಂಪು ಗಾಯಗಳು ಸುಲಭವಾಗಿ ಕಾಣುತ್ತವೆ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕೋಶ್ ತಾಣದಲ್ಲಿ ಕುಸಿತ ಸಾಧ್ಯತೆಯ ನಕ್ಷೆಯೂ ಸಿಗುತ್ತದೆ. ಅದು 1:50,000 ಅಳತೆಯದು, ಅಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಊರು ಯಾವ ವಲಯದಲ್ಲಿದೆ ಎಂದು ಅದು ಹೇಳುತ್ತದೆ, ಮನೆಯ ವಿಷಯ ಅದರಿಂದ ತಿಳಿಯುವುದಿಲ್ಲ.

ನಡಿಗೆ ಮೇಲಿನಿಂದ ಕೆಳಕ್ಕೆ ಇರಲಿ. ಗುಡ್ಡದ ತಲೆಯಲ್ಲಿ ಸೀಳು, ಅರ್ಧಚಂದ್ರದ ಮೆಟ್ಟಿಲಿನಂಥ ಇಳಿತ, ಮರಗಳ ಬುಡ ಬಾಗಿ ತುದಿ ನೆಟ್ಟಗಾದದ್ದು, ಸುತ್ತ ಹಳೆಯ ಮರಗಳಿದ್ದು ನಡುವೆ ಒಂದೇ ಪ್ರಾಯದ ಎಳೆ ಮರಗಳ ಪಟ್ಟಿ, ಇವು ಹಳೆಯ ಕುಸಿತದ ಗುರುತು. ಇಳಿಜಾರನ್ನು ಅಳೆಯಲು ಶಾಲೆಯ ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿಕೊಂಡರೆ ಸಾಕು. 20 ಡಿಗ್ರಿ ದಾಟಿದ ಮಣ್ಣಿನ ಇಳಿಜಾರನ್ನೆಲ್ಲ ನಕ್ಷೆಯಲ್ಲಿ ಗೀರಿ.

ಹೆಚ್ಚಿನವರು ತಪ್ಪುವುದು ಬುಡದಲ್ಲಿ. ಕಡಿದಾದ ಹಳ್ಳ ಬಯಲಿಗೆ ಬಂದು ಬೀಳುವ ಬಾಯಿಯಲ್ಲಿ ಬೀಸಣಿಗೆಯಂತೆ ಹರಡಿದ ಸಮತಟ್ಟು ಇರುತ್ತದೆ. ನೀರು ಹತ್ತಿರ, ನೆಲ ಹದ, ರಸ್ತೆಯೂ ಸಮೀಪ ಎಂದು ಮನೆ ಕಟ್ಟಲು ಎಲ್ಲರೂ ಇಷ್ಟಪಡುವ ಜಾಗ. ಆ ಸಮತಟ್ಟು ಎಷ್ಟೋ ಕಡೆ ಹಿಂದೆ ಯಾವಾಗಲೋ ಹಳ್ಳದಲ್ಲಿ ಇಳಿದು ಬಂದ ಕಲ್ಲುಮಣ್ಣಿನಿಂದಲೇ ಆದದ್ದು. ತಿಳಿಯಬೇಕೆಂದರೆ ಅಲ್ಲಿನ ಬಾವಿಯ ಗೋಡೆಯನ್ನು ನೋಡಿ, ಬಾವಿ ತೋಡಿದವರನ್ನು ಕೇಳಿ. ಮೂಲೆ ಮುರಿಯದ ಚೂಪು ಕಲ್ಲುಗಳು ಜೇಡಿಯೊಳಗೆ ಅಡ್ಡಾದಿಡ್ಡಿ ಹೂತಿದ್ದು, ಅದರ ಕೆಳಗೆ ಹಳೆಯ ಕಪ್ಪು ಮೇಲ್ಮಣ್ಣು ಅಥವಾ ಮರದ ತುಂಡು ಸಿಕ್ಕಿದ್ದರೆ ಅದು ಜಾರಿ ಬಂದದ್ದು. ಉರುಟಾದ ನುಣುಪು ಕಲ್ಲು, ಮರಳಿನ ಪದರ ಸಿಕ್ಕಿದ್ದರೆ ಹೊಳೆ ನಿಧಾನವಾಗಿ ತಂದದ್ದು. ಊರಿನಲ್ಲಿ ಯಾರ ನೆನಪಿಗೂ ಎಟುಕದ ಘಟನೆಯನ್ನು ಹೀಗೆ ಬಾವಿಯ ಗೋಡೆಯಿಂದ ಪುಸ್ತಕಕ್ಕೆ ಇಳಿಸಬಹುದು.

ಹೊಳೆಯ ಆಚೆ ದಂಡೆಯನ್ನೂ ನಕ್ಷೆಗೆ ಸೇರಿಸಿ. ಶಿರೂರಿನಲ್ಲಿ ಗುಡ್ಡದ ಮಣ್ಣು ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಬಿದ್ದಾಗ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡ ನಮ್ಮ ಕಡೆ ಇಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಹಳೆಯ ಲೆಕ್ಕ ಸುಳ್ಳಾಗುವ ಜಾಗಗಳು

"ನಮ್ಮಜ್ಜನ ಕಾಲದಿಂದ ಇಲ್ಲಿ ಏನೂ ಆಗಿಲ್ಲ" ಎಂಬ ಮಾತು ಅಜ್ಜನ ಕಾಲದ ಗುಡ್ಡಕ್ಕೆ ಸರಿ. ಜೆಸಿಬಿ ಬಂದ ಮೇಲಿನ ಗುಡ್ಡ ಬೇರೆ. ಆದ್ದರಿಂದ ಕಳೆದ 15 ವರ್ಷಗಳಲ್ಲಿ ನೆಲಕ್ಕೆ ಆದ ಬದಲಾವಣೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ.

ಮನೆಗೋ ರಸ್ತೆಗೋ ನೇರ ಕಡಿದ ಬರೆ ಮೊದಲನೆಯದು. ಎತ್ತರ ಅಳೆಯಿರಿ, ಗೋಡೆಗೂ ಬರೆಗೂ ಎಷ್ಟು ದೂರ ಎಂದು ಅಳೆಯಿರಿ. ದೂರ ಎತ್ತರಕ್ಕಿಂತ ಕಡಿಮೆ ಇದ್ದರೆ ಆ ಮನೆ ಕೆಂಪು ಪಟ್ಟಿಗೆ, ಅಂದರೆ ಅಪಾಯದ ಮನೆಗಳ ಪಟ್ಟಿಗೆ. ಕರಾವಳಿ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ಪದರದ ಕೆಳಗೆ ಶೇಡಿ ಮಣ್ಣು ಇರುತ್ತದೆ: ಬಿಳಿ, ಹಳದಿ, ನಸುಗೆಂಪು, ಮುಟ್ಟಿದರೆ ಹಿಟ್ಟಿನಂತೆ. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲವೇ ಇರುವುದಿಲ್ಲ. ಮುರಕಲ್ಲು ಮಾತ್ರ ಕಡಿದ ಬರೆ ದಶಕಗಟ್ಟಲೆ ನಿಂತಿರಬಹುದು. ಅದೇ ಬರೆಯನ್ನು ಇನ್ನೂ ನಾಲ್ಕಡಿ ಕೆಳಗೆ ಕಡಿದು ಶೇಡಿ ಹೊರಬಿದ್ದರೆ ಮೇಲಿನ ಕಲ್ಲಿಗೆ ಕಾಲೇ ಇಲ್ಲ. ಬರೆಯಲ್ಲಿ ಶೇಡಿ ಕಂಡಲ್ಲೆಲ್ಲ ನಕ್ಷೆಯಲ್ಲಿ 'ಶೇ' ಎಂದು ಬರೆಯಿರಿ.

ಎರಡನೆಯದು ಗುಡ್ಡದ ಮೇಲೆ ನೀರು ನಿಲ್ಲಿಸುವ ಕೆಲಸ: ಇಳಿಜಾರಿನ ತಲೆಯಲ್ಲಿ ಕೃಷಿ ಹೊಂಡ, ಸಾಲು ಇಂಗುಗುಂಡಿ. ಬಯಲುಸೀಮೆಗೆ ಒಳ್ಳೆಯದಾದದ್ದು ಇಲ್ಲಿ ತೊಂದರೆಯಾಗಬಹುದು. ಬ್ರಹ್ಮಗಿರಿ ಕುಸಿತದ ನಂತರ ಬೆಟ್ಟದಲ್ಲಿ ತೋಡಿದ್ದ ಇಂಗುಗುಂಡಿಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ನಮ್ಮ ಅಭಿಪ್ರಾಯ ನೇರ: ಕೆಳಗೆ ಮನೆ ಇರುವ ಕಡಿದಾದ ಇಳಿಜಾರಿನಲ್ಲಿ ನೀರು ಇಂಗಿಸುವ ಗುಂಡಿ ಬೇಡ, ನೀರನ್ನು ಹಳ್ಳಕ್ಕೆ ಸಾಗಿಸುವ ಚರಂಡಿ ಬೇಕು. ಮೂರನೆಯದು ಮೋರಿಗಳು. ಪ್ರತಿ ಮೋರಿಯ ಅಗಲ, ಎಷ್ಟು ಭಾಗ ಹೂಳು ತುಂಬಿದೆ, ಮೇಲ್ಗಡೆ ಎಷ್ಟು ಕಡಿದ ದಿಮ್ಮಿಗಳಿವೆ ಎಂದು ಬರೆದರೆ ಸಾಕು.

ಮಳೆ ಅಳೆಯುವುದು, ಸೀಳು ಅಳೆಯುವುದು

ಸ್ವಂತ ಮಳೆಮಾಪಕಕ್ಕೆ ಬಾಯಿಯ ಅಡ್ಡಗಲ 16 ಸೆಂಟಿಮೀಟರ್ ಇರುವ ಆಳದ ಆಲಿಕೆ ತನ್ನಿ. ಆ ಬಾಯಿಯ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್, ಹಾಗಾಗಿ 20 ಮಿಲಿಲೀಟರ್ ನೀರು ಎಂದರೆ 1 ಮಿಲಿಮೀಟರ್ ಮಳೆ. ಕೆಳಗೆ ಎರಡು ಲೀಟರಿನ ಬಾಟಲಿ ಇಟ್ಟರೆ 100 ಮಿಲಿಮೀಟರಿಗೇ ತುಂಬಿ ಚೆಲ್ಲುತ್ತದೆ, ಸರಿಯಾಗಿ ಲೆಕ್ಕ ಬೇಕಾದ ದಿನವೇ ಲೆಕ್ಕ ತಪ್ಪುತ್ತದೆ. ಹತ್ತು ಲೀಟರಿನ ಕ್ಯಾನು ಇಡಿ, ಅದು 500 ಮಿಲಿಮೀಟರ್ ಹಿಡಿಯುತ್ತದೆ. ಆಲಿಕೆಯ ಬಾಯಿ ನೆಲದಿಂದ ಒಂದಡಿಯಾದರೂ ಮೇಲಿರಲಿ, ಸಿಮೆಂಟು ಅಂಗಳದ ಬದಲು ಹುಲ್ಲಿನ ಮೇಲಿರಲಿ, ಮನೆಯಿಂದ ಮತ್ತು ಮರದಿಂದ ಅವುಗಳ ಎತ್ತರದ ಎರಡು ಪಟ್ಟು ದೂರವಿರಲಿ. ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಜೋರು ಮಳೆಯ ದಿನ ಮೂರು ಗಂಟೆಗೊಮ್ಮೆ.

ನೆಲದಲ್ಲಿ ಸೀಳು ಕಂಡರೆ ಎರಡು ಅಡಿ ಉದ್ದದ ಎರಡು ಕಬ್ಬಿಣದ ಸರಳನ್ನು ಸೀಳಿನ ಆಚೆ ಈಚೆ ಒಂದೊಂದು ಮೀಟರ್ ದೂರದಲ್ಲಿ ಒಂದೂವರೆ ಅಡಿ ಹೂತು, ತುದಿಯಿಂದ ತುದಿಗೆ ಟೇಪು ಹಿಡಿದು ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಎರಡು ಮೂರು ಮಿಲಿಮೀಟರ್ ಟೇಪಿನ ತಪ್ಪಿರಬಹುದು. ಮೂರು ದಿನ ಸಾಲಾಗಿ ಹೆಚ್ಚಿದರೆ, ಅಥವಾ ಒಂದೇ ದಿನ ಒಂದು ಸೆಂಟಿಮೀಟರ್ ಆದರೆ, ಮಳೆ ನಿಂತಿದ್ದರೂ ಕೆಳಗಿನ ಮನೆ ಖಾಲಿ ಮಾಡಿಸಿ. ಸೀಳನ್ನು ಜೇಡಿಯಿಂದ ತುಂಬಿ, ಮೇಲೆ ಟಾರ್ಪಾಲು ಹಾಸಿ, ನೀರು ಬದಿಗೆ ಹರಿಯುವಂತೆ ಕಣಿ ತೆಗೆಯಿರಿ. ಗೋಡೆಯ ಬಿರುಕಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ, ಪಕ್ಕದಲ್ಲಿ ತಾರೀಕು. ಮಳೆ ಸುರಿಯುವಾಗ, ಕತ್ತಲಾದ ಮೇಲೆ ಸೀಳು ನೋಡಲು ಯಾರನ್ನೂ ಗುಡ್ಡಕ್ಕೆ ಕಳಿಸಬೇಡಿ.

ಒಂದು ಹಾಳೆ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರಿನಿಂದ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ ಮಳೆ. ಇದನ್ನೇ ನೇರವಾಗಿ ಊರಿನ ಎಚ್ಚರಿಕೆ ಗೆರೆಯಾಗಿ ಇಟ್ಟುಕೊಂಡರೆ ಭಾಗಮಂಡಲದಂಥ ಕಡೆ ಮಳೆಗಾಲವಿಡೀ ಗಂಟುಮೂಟೆ ಕಟ್ಟಬೇಕಾಗುತ್ತದೆ, ಎರಡೇ ಸಲಕ್ಕೆ ಜನ ನಂಬುವುದನ್ನು ಬಿಡುತ್ತಾರೆ. ಮಳೆ ಪುಸ್ತಕದಿಂದ ಕಳೆದ 20 ವರ್ಷಗಳ ಮೂರು ದಿನದ ಮೊತ್ತಗಳಲ್ಲಿ ಅತಿ ದೊಡ್ಡ ಹತ್ತನ್ನು ಸಾಲಾಗಿ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಹಿಂದಿನ ಹದಿನೈದು ದಿನದ ಮೊತ್ತ, ಆಗ ಎಲ್ಲಾದರೂ ಕುಸಿದಿತ್ತೇ ಎಂದು ಬರೆಯಿರಿ. ಕುಸಿತ ಆದವುಗಳಲ್ಲಿ ಅತಿ ಕಡಿಮೆ ಮೊತ್ತ ಯಾವುದೋ ಅದಕ್ಕಿಂತ ಕಾಲು ಭಾಗ ಕೆಳಗೆ ಊರಿನ ಗೆರೆ ಎಳೆಯಿರಿ. 400 ಮಿಲಿಮೀಟರಿಗೆ ಕುಸಿದಿದ್ದರೆ ಗೆರೆ 300ಕ್ಕೆ. ಹದಿನೈದು ದಿನ ಎಡೆಬಿಡದೆ ಸುರಿದು ನೆಲ ನೀರು ಕುಡಿದು ಕೂತಿದ್ದರೆ ಇನ್ನೂ ಕೆಳಗೆ ತನ್ನಿ.

ಮಳೆ ಗೆರೆ ಮುಟ್ಟುವ ಮೊದಲೇ ಮನೆ ಬಿಡಬೇಕಾದ ಸೂಚನೆಗಳನ್ನು ಹಾಳೆಯ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ತಿಳಿಯಾಗಿದ್ದ ಅಬ್ಬಿ (ಗುಡ್ಡದಿಂದ ಬೀಳುವ ನೀರು) ಕೆಂಪಾಯಿತು, ಒಣ ಜಾಗದಲ್ಲಿ ಹೊಸ ಒರತೆ ಎದ್ದಿತು, ಬಾಗಿಲು ಕಿಟಕಿ ಬಿಗಿಯಾಯಿತು, ಕಂಬ ವಾಲಿತು, ಗುಡ್ಡದಲ್ಲಿ ಮರ ಮುರಿಯುವ ಸದ್ದು. ಮಳೆ ಸುರಿಯುತ್ತಲೇ ಇದ್ದು ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ಕಟ್ಟೆ ಕಟ್ಟಿದೆ ಎಂದೇ ತಿಳಿಯಿರಿ. ನೀರು ಇಳಿಯಿತೆಂದು ಸಮಾಧಾನಪಟ್ಟು ಒಳಗೆ ಹೋಗಬಾರದು, ಹಳ್ಳ ಬಿಟ್ಟು ಅಡ್ಡಕ್ಕೆ, ಎತ್ತರಕ್ಕೆ ಹೋಗಬೇಕು.

ಉಳಿದದ್ದು ಹೆಸರುಗಳು. ಕೆಂಪು ಪಟ್ಟಿಯ ಪ್ರತಿ ಮನೆಗೆ ಯಾರ ಮನೆಗೆ ಹೋಗಬೇಕು, ಯಾವ ದಾರಿಯಲ್ಲಿ, ನಡೆಯಲಾಗದವರನ್ನು ಎತ್ತಲು ಯಾವ ಇಬ್ಬರು ಎಂದು ಬರೆಯಿರಿ. ದಾರಿ ತೋಡನ್ನು ದಾಟುವಂತಿದ್ದರೆ ಆ ದಾರಿ ಬೇಡ. ಆಶ್ರಯಕ್ಕೆ ಶಾಲೆ ಎಂದು ಬರೆಯುವ ಮೊದಲು ಶಾಲೆಯ ಹಿಂದಿನ ಬರೆಯನ್ನೂ ಅಳೆಯಿರಿ. ಸ್ಥಳಾಂತರ ಸಂಜೆ ಐದರೊಳಗೆ ಮುಗಿಯಬೇಕು. ರಾತ್ರಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಫೋನ್ ಸರಪಳಿ ಕೆಲಸಕ್ಕೆ ಬಾರದು. ದೇವಸ್ಥಾನದ ಗಂಟೆಯೋ ಮಸೀದಿಯ ಮೈಕೋ ಗರ್ನಾಲು ಪಟಾಕಿಯೋ, ಒಂದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಕೆಳಗೆ 112, ಜಿಲ್ಲಾ ನಿಯಂತ್ರಣ ಕೊಠಡಿಯ 1077.

ಕೆಂಪು ಪಟ್ಟಿಗೆ ಸೇರಿದ ಮನೆಯವರಿಗೆ ಕೋಪ ಬರುವುದು ಸಹಜ. ಜಾಗದ ಬೆಲೆ ಬೀಳುತ್ತದೆ, ಎಬ್ಬಿಸುತ್ತಾರೆ ಎಂಬ ಭಯ. ಗ್ರಾಮಸಭೆಯಲ್ಲಿ ತೋರಿಸುವ ಮೊದಲು ಅವರ ಮನೆಗೇ ಹೋಗಿ ಅಳತೆ ತೋರಿಸಿ, ತಪ್ಪಿದ್ದರೆ ತಿದ್ದಿ. ಸಾರ್ವಜನಿಕ ಪ್ರತಿಯಲ್ಲಿ ಮನೆ ನಂಬರು ಮಾತ್ರ ಇರಲಿ. ನಂತರ ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿದರೆ ಮೋರಿ, ಚರಂಡಿ, ತಡೆಗೋಡೆಗೆ ಅರ್ಜಿ ಹಾಕುವಾಗ ಅದೇ ಆಧಾರವಾಗುತ್ತದೆ.

ಪ್ರತಿ ವರ್ಷ ಮೇ ಎರಡನೇ ವಾರ ಹಾಳೆಯ ಹೆಸರು, ಫೋನ್ ನಂಬರು, ಹೊಸ ಬರೆ, ಹೊಸ ಮನೆ ತಿದ್ದಿ. ಮಳೆಗಾಲದಲ್ಲಿ ಏನೇ ಆದರೂ ಎರಡು ದಿನದೊಳಗೆ ನೀರಿನ ಗುರುತಿಗೆ ಮೊಳೆ ಹೊಡೆದು ಫೋಟೋ ತೆಗೆಯಿರಿ, ಗೋಡೆ ತೊಳೆದ ಮೇಲೆ ಏನೂ ಉಳಿಯುವುದಿಲ್ಲ. ಪುಸ್ತಕದ ಮೂರು ಪ್ರತಿ ಬೇಕು: ಪಂಚಾಯಿತಿಯಲ್ಲಿ ಒಂದು, ಶಾಲೆಯಲ್ಲಿ ಒಂದು, ನೆರೆಯ ಗುರುತಿಗಿಂತ ಮೇಲೆ ಹೊಸ್ತಿಲಿರುವ ಯಾವುದಾದರೂ ಮನೆಯ ಅಟ್ಟದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು.